ಬಿ.ಎಸ್ಸಿ. ಬಿಟ್ಟು ಹೋದವರು

ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಬಿ.ಎಸ್ಸಿ. ಮೊದಲ ವರ್ಷದ ಹಾಜರಿ ಪುಸ್ತಕಕ್ಕೆ ಹೆಸರು ಇಳಿಸುವಾಗ ಪ್ರತಿ ಸಲ ಕೈ ಸ್ವಲ್ಪ ತಡೆಯುತ್ತಿತ್ತು. ಈ ಹೆಸರುಗಳಲ್ಲಿ ದಸರೆಯ ಹೊತ್ತಿಗೆ ಎಷ್ಟು ಉಳಿದಾವು? ಸಿಇಟಿ ಸೀಟು ಹಂಚಿಕೆಯ ಒಂದೊಂದು ಸುತ್ತು ಮುಗಿದ ಹಾಗೂ ಮುಂದಿನ ಬೆಂಚುಗಳು ತೆರವಾಗುತ್ತಿದ್ದವು. ಹೋದವರ ಹೆಸರಿನ ಮೇಲೆ ಕೆಂಪು ಶಾಯಿಯ ಒಂದು ಗೀಟು, ಪಕ್ಕದಲ್ಲಿ ‘ಟಿ.ಸಿ.’ ಎಂಬ ಎರಡು ಅಕ್ಷರ. ಒಳ್ಳೆಯ ಪ್ರಶ್ನೆ ಕೇಳುತ್ತಿದ್ದವರು ಹೋದ ದಿನ ಆ ಗೀಟು ತುಸು ದಪ್ಪಗೇ ಬೀಳುತ್ತಿತ್ತು. ಒಪ್ಪಿಕೊಳ್ಳುತ್ತೇನೆ, ಅದರಲ್ಲಿ ಸಿಟ್ಟಿತ್ತು.

ಕಳೆದ ಮಳೆಗಾಲದಲ್ಲಿ ಆ ಗೀಟು ನಮ್ಮ ಮನೆಯೊಳಗೇ ಬಿತ್ತು. ಸೋಂದಾದಲ್ಲಿರುವ ತಂಗಿಯ ಮಗ ದಿನಾ ಬಸ್ಸಿನಲ್ಲಿ ಶಿರಸಿಗೆ ಓಡಾಡಿ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದ. ಸದ್ದಿಲ್ಲದೆ ಮತ್ತೊಮ್ಮೆ ಸಿಇಟಿ ಬರೆದಿದ್ದ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ಭಾವ ಅಡಿಕೆಗೆ ಕೊಳೆಮದ್ದು ಹೊಡೆಸುವ ಗಡಿಬಿಡಿಯಲ್ಲಿದ್ದ. ಮಳೆ ನಾಲ್ಕು ತಾಸು ಬಿಟ್ಟರೆ ಸಾಕು ಎಂದು ಆಕಾಶ ನೋಡುತ್ತಿದ್ದವನಿಗೆ ಮಗ ಮೊಬೈಲು ತೋರಿಸಿದ. ಖುಷಿಯೂ ಆಯಿತು, ಮಾತೂ ನಿಂತಿತು. ಬಿ.ಎಸ್ಸಿ. ಎಂದರೆ ಸಂಜೆ ಮಗ ಮನೆಗೆ ಬರುತ್ತಾನೆ ಎಂದು ಅರ್ಥ. ಎಂಜಿನಿಯರಿಂಗ್ ಎಂದರೆ ಹಾಸ್ಟೆಲ್ಲು, ಆಮೇಲೆ ಬೆಂಗಳೂರು, ಆಮೇಲೆ ಹಬ್ಬಕ್ಕೆ ಬಂದು ಹೋಗುವುದು. ನಮ್ಮ ಕಡೆಯ ಎಷ್ಟೋ ಮನೆಗಳ ಜಗುಲಿಯಲ್ಲಿ ಈಗ ಇಬ್ಬರೇ ಕೂತಿರುತ್ತಾರೆ.

ಹೊರಡುವ ಹಿಂದಿನ ದಿನ ಹುಡುಗ ನನ್ನನ್ನು ಕೇಳಿದ: “ಮಾವಾ, ಒಂದ್ ವರ್ಷ ದಂಡ ಆತು ಹೇಳಿ ಎಲ್ಲ ಹೇಳ್ತ. ಹೌದನಾ?”

“ಹಂಗೆಲ್ಲ ಎಂತದೂ ಇಲ್ಯೋ” ಎಂದು ಮಾತು ತೇಲಿಸಿಬಿಟ್ಟೆ. ಉತ್ತರ ನನಗೂ ಗೊತ್ತಿರಲಿಲ್ಲ. ಕಾಲೇಜು ಸೇರಿದ ಮೇಲೆ ದಾರಿ ಬದಲಿಸಿ ಎಂಜಿನಿಯರಿಂಗಿಗೆ ಹೋದವರ ಚರಿತ್ರೆ ಹುಡುಕುತ್ತ ಕೂತದ್ದು ಆಮೇಲೆ. ಹುಡುಕಿದಾಗ ಸಿಕ್ಕ ಮೊದಲ ಹೆಸರೇ ಸ್ವಲ್ಪ ಮುಜುಗರ ತಂದಿತು. ಅಷ್ಟು ವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆಯಲ್ಲಿ ಯಾರ ಪಟಕ್ಕೆ ಹಾರ ಹಾಕುತ್ತಿದ್ದೆವೋ ಅವರೇ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಎಂಜಿನಿಯರ್ ಆಗುವುದಕ್ಕೆ ಮೊದಲು ಬಿ.ಎ. ಪದವೀಧರ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಮನೆಪಾಠ ಹೇಳಿ. ಗಣಿತ ಆಗ ಬಿ.ಎ.ಯೊಳಗೇ ಇತ್ತು, ಇವತ್ತಿನ ಹಾಗೆ ವಿಜ್ಞಾನಕ್ಕೆ ಬೇರೆ ಬಾಗಿಲು ಇರಲಿಲ್ಲ. ಪದವಿ ಮುಗಿದದ್ದು 1881ರಲ್ಲಿ. ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿ ಒಪ್ಪಿಸಿದ ವರ್ಷವೂ ಅದೇ. ಕಾಲೇಜಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಅವರಿಗೆ ಈ ಹುಡುಗನ ಮೇಲೆ ವಿಶ್ವಾಸವಿತ್ತು, ದಿವಾನ ರಂಗಾಚಾರ್ಲು ಅವರ ಸರ್ಕಾರದಿಂದ ವಿದ್ಯಾರ್ಥಿವೇತನ ಸಿಕ್ಕಿತು. ಹೊರಟದ್ದು ಪುಣೆಯ ವಿಜ್ಞಾನ ಕಾಲೇಜಿಗೆ. 1854ರಲ್ಲಿ ಲೋಕೋಪಯೋಗಿ ಇಲಾಖೆಯ ಕೆಳದರ್ಜೆಯ ನೌಕರರನ್ನು ತಯಾರು ಮಾಡಲು ಶುರುವಾದ ಒಂದು ತರಗತಿ ಬೆಳೆದು ಆದ ಕಾಲೇಜು ಅದು.

ಇಲ್ಲಿ ಒಂದು ವಿವರ ಗಮನಿಸಬೇಕು. ಸೆಂಟ್ರಲ್ ಕಾಲೇಜು ಆಗ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು; ಪುಣೆಯದು ಮುಂಬಯಿ ವಿಶ್ವವಿದ್ಯಾಲಯದ ಕೆಳಗೆ. ಹುಡುಗ ಕೋರ್ಸನ್ನು ಮಾತ್ರ ಬದಲಿಸಲಿಲ್ಲ, ಸಂಸ್ಥಾನ ಬಿಟ್ಟು ಪ್ರಾಂತ ದಾಟಿ ವಿಶ್ವವಿದ್ಯಾಲಯವನ್ನೇ ಬದಲಿಸಿದ. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ಸ್ಥಾನ. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ದುಡ್ಡು ಹಾಕಿದ್ದು ಮೈಸೂರು, ದುಡಿಸಿಕೊಂಡದ್ದು ಮುಂಬಯಿ. ಮುಖ್ಯ ಎಂಜಿನಿಯರ್ ಆಗಿ ಅವರು ಮೈಸೂರಿಗೆ ಬಂದದ್ದು 1909ರಲ್ಲಿ. ಬಿ.ಎ. ಓದಿದ ವರ್ಷಗಳು ದಂಡವಾದವು ಎಂದು ಅವರಿಗೆ ಯಾರೂ ಹೇಳಿದಂತಿಲ್ಲ. ಹೇಳುವ ಹಾಗೂ ಇರಲಿಲ್ಲ. ಕಾಲೇಜಿನಲ್ಲಿ ಒಂದಿಷ್ಟು ಓದಿ ಆಮೇಲೆ ಎಂಜಿನಿಯರಿಂಗಿಗೆ ಹೋಗುವುದು ಆಗಿನವರಿಗೆ ಅಡ್ಡದಾರಿ ಆಗಿರಲಿಲ್ಲ.

ಹಾಗಾದರೆ ನಮ್ಮ ಘಟ್ಟದ ಮೇಲಿನ ಹುಡುಗರು ಏನು ಮಾಡುತ್ತಿದ್ದರು? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಸೋಂದಾ ಒಂದು ಕಾಲಕ್ಕೆ ರಾಜಧಾನಿ. 1763–64ರ ಸುಮಾರಿಗೆ ಹೈದರಾಲಿಯ ಸೈನ್ಯ ಬಂದಾಗ ಅರಸು ಗೋವೆಗೆ ಹೋದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕಂಪನಿಗೆ ಸೇರಿ ಮದರಾಸಿನ ಆಳ್ವಿಕೆಗೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಅಲ್ಲಿಂದ 1956ರವರೆಗೆ ನಾವು ಮುಂಬಯಿಯವರು. ಊರಿನ ಮಠ, ತೋಟ, ಹೊಳೆ ಎಲ್ಲ ಇದ್ದಲ್ಲೇ ಇದ್ದವು. ಮಕ್ಕಳು ಎಲ್ಲಿ ಓದಬೇಕು ಎಂಬುದು ಮಾತ್ರ ಬದಲಾಗುತ್ತ ಹೋಯಿತು.

ಇದರಲ್ಲಿ ಒಂದು ವಿಚಿತ್ರವಿದೆ. ವಿಶ್ವೇಶ್ವರಯ್ಯನವರಿಗೆ ಪುಣೆ ಪರಸ್ಥಳ. ಸೋಂದಾದ, ಸಿದ್ದಾಪುರದ, ಯಲ್ಲಾಪುರದ ಹುಡುಗನಿಗೆ ಅದು ತನ್ನ ಪ್ರಾಂತದ್ದೇ ಕಾಲೇಜು. ಕಾಗದದ ಮೇಲೆ ನಮ್ಮವರಿಗೆ ದಾರಿ ಹತ್ತಿರ. ಆದರೆ ಅಲ್ಲಿಗೆ ಮುಟ್ಟಲು ಮೆಟ್ರಿಕ್ ಬೇಕು, ಇಂಗ್ಲಿಷ್ ಬೇಕು, ಮೇಲೆ ಕಾಲೇಜಿನ ಓದು ಬೇಕು, ಪರವೂರಿನಲ್ಲಿ ಊಟಕ್ಕೆ ದುಡ್ಡು ಬೇಕು. ಘಟ್ಟದ ಮೇಲೆ ಕಾಲೇಜೇ ಇರಲಿಲ್ಲ.

1917ನೇ ಇಸವಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿತು. ಆ ವರ್ಷ ಧಾರವಾಡದಲ್ಲಿ ಮುಂಬಯಿ ಸರ್ಕಾರದ ಕರ್ನಾಟಕ ಕಾಲೇಜು ಶುರುವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ, ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು, ಇವತ್ತಿನ ಯುವಿಸಿಇ. ತನ್ನಂಥ ಹುಡುಗ ಎಂಜಿನಿಯರಿಂಗಿಗಾಗಿ ಪುಣೆಗೆ ಹೋಗುವುದು ತಪ್ಪಲಿ ಎಂಬ ಯೋಚನೆ ಅದರ ಹಿಂದೆ ಇದ್ದಿರಲೇಬೇಕು ಎಂದು ನನ್ನ ಊಹೆ. ಈಗ ಸಿದ್ದಾಪುರ ತಾಲೂಕಿನ ಗಡಿಯಲ್ಲಿ ನಿಂತು ನೋಡಿ. ಆಚೆ ಸಾಗರ, ಸೊರಬ: ಮೈಸೂರು ಸಂಸ್ಥಾನ. ಈಚೆ ನಾವು: ಮುಂಬಯಿ. ಮದುವೆ, ಮುಂಜಿ, ಯಕ್ಷಗಾನ ಎಲ್ಲಕ್ಕೂ ಗಡಿ ದಾಟುತ್ತಿದ್ದ ಜನ. ಸಾಗರದ ಹುಡುಗನಿಗೆ 1917ರಿಂದಲೇ ತನ್ನ ಸಂಸ್ಥಾನದ್ದೊಂದು ಎಂಜಿನಿಯರಿಂಗ್ ಕಾಲೇಜು. ಈಚೆಯ ಅವನ ಸೋದರತ್ತೆಯ ಮಗನಿಗೆ ಧಾರವಾಡದಲ್ಲಿ ಇಂಟರ್, ಅಂಕ ಬಂದರೆ ಪುಣೆ. ಮುಂಬಯಿ ಕರ್ನಾಟಕಕ್ಕೆ ತನ್ನದೇ ಎಂಜಿನಿಯರಿಂಗ್ ಕಾಲೇಜು ಬಂದದ್ದು 1947ರಲ್ಲಿ, ಹುಬ್ಬಳ್ಳಿಯ ಭೂಮರೆಡ್ಡಿ ಕಾಲೇಜು. ನಡುವೆ ಮೂವತ್ತು ವರ್ಷ ಹೋಯಿತು.

ಆ ‘ಇಂಟರ್’ ಎಂಬ ಪದದ ಬಗ್ಗೆ ಈಗಿನ ವಿದ್ಯಾರ್ಥಿಗಳಿಗೆ ಹೇಳಬೇಕು. ಮೆಟ್ರಿಕ್ ಮುಗಿಸಿದವರು ಕಾಲೇಜು ಸೇರಿ ಎರಡು ವರ್ಷ ಇಂಟರ್‌ಮೀಡಿಯೆಟ್ ಓದುತ್ತಿದ್ದರು. ಅದು ಶಾಲೆಯ ಬಾಲವಲ್ಲ. ವಿಶ್ವವಿದ್ಯಾಲಯದ್ದೇ ತರಗತಿ, ಬಿ.ಎ. ಬಿ.ಎಸ್ಸಿ.ಗಳಿಗೆ ಪಾಠ ಮಾಡುವ ಪ್ರಾಧ್ಯಾಪಕರದ್ದೇ ಪಾಠ, ಅದೇ ಗ್ರಂಥಾಲಯ, ಅದೇ ಚರ್ಚಾಕೂಟ. ಎಂಜಿನಿಯರಿಂಗ್ ಸೇರುವವರು ಇಂಟರ್ ಸೈನ್ಸ್ ಆದ ಮೇಲೆ ಅಲ್ಲಿಂದ ಎದ್ದು ಹೋಗುತ್ತಿದ್ದರು. ಅಂದರೆ, ಆಗ ಎಂಜಿನಿಯರ್ ಆದವರೆಲ್ಲ ಒಂದರ್ಥದಲ್ಲಿ ಕಾಲೇಜು ನಡುವೆ ಬಿಟ್ಟು ಹೋದವರೇ. ಪಕ್ಕದ ಬೆಂಚಿನಲ್ಲಿ ಮುಂದೆ ಕವಿಯಾಗುವವನು ಕೂತಿರುತ್ತಿದ್ದ, ವಕೀಲನಾಗುವವನೂ ಕೂತಿರುತ್ತಿದ್ದ.

ಕವಿ ಅಂದೆನಲ್ಲ, ಕತೆಗಾರರೊಬ್ಬರ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮದೇ ಜಿಲ್ಲೆಯ, ಘಟ್ಟದ ಕೆಳಗಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಧಾರವಾಡ, ಮುಂಬಯಿಗಳಲ್ಲಿ ವಿಜ್ಞಾನ ಓದಿದವರು. ಆಮೇಲೆ ಹೋದದ್ದು ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗಕ್ಕೆ, ಬಿ.ಎಸ್ಸಿ. (ಟೆಕ್) ಓದಲು. 1933ರಲ್ಲಿ ಶುರುವಾದ ಆ ವಿಭಾಗದ ಕೆಲವೇ ಸೀಟುಗಳಿಗೆ ವಿಜ್ಞಾನ ಓದಿ ಬಂದವರು ಪೈಪೋಟಿ ನಡೆಸುತ್ತಿದ್ದರು. ಅಲ್ಲಿಂದ ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಉನ್ನತ ವ್ಯಾಸಂಗ, ಆಮೇಲೆ ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ದೀರ್ಘ ಕಾಲದ ಕೆಲಸ. 1979ರಲ್ಲಿ ಬಂದ ‘ಶಿಕಾರಿ’ಯ ನಾಗಪ್ಪ ಉದ್ಯಮದ ಒಳಗಿನ ಮನುಷ್ಯ. ಆಫೀಸಿನ ಸಂಶಯ, ಮೇಲಧಿಕಾರಿಗಳ ಹುನ್ನಾರ, ಮಹಾನಗರದಲ್ಲಿ ಒಬ್ಬಂಟಿಯಾದವನ ಭಯ ಕನ್ನಡದಲ್ಲಿ ಅಷ್ಟು ಹತ್ತಿರದಿಂದ ಬಂದದ್ದು, ಬರೆದವರು ಆ ಕೋಣೆಗಳಲ್ಲಿ ಕೂತು ಬಂದದ್ದರಿಂದ. ಚಿತ್ತಾಲರು ಎಂಜಿನಿಯರಿಂಗಿಗೆ ಸರಿಯದೆ ಕಾಲೇಜು ಮೇಷ್ಟರಾಗಿ ಉಳಿದಿದ್ದರೆ ‘ಶಿಕಾರಿ’ ಇರುತ್ತಿತ್ತೇ? ಮೇಷ್ಟರಾಗಿದ್ದ ನಾನು ಈ ಪ್ರಶ್ನೆ ಕೇಳಿಕೊಂಡು ಸುಮ್ಮನಾಗುತ್ತೇನೆ.

ಮುಂಬಯಿಯ ಈ ವಿಭಾಗ ಒಂದೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಎಸ್ಸಿ. ಮುಗಿಸಿದವರಿಗಾಗಿಯೇ ಮೂರು ವರ್ಷದ ಬಿ.ಇ. ಬಹಳ ಕಾಲ ನಡೆಯಿತು. ವಿದ್ಯುತ್ ತಂತ್ರಜ್ಞಾನ, ವಿದ್ಯುತ್ ಸಂಪರ್ಕ, ಲೋಹಶಾಸ್ತ್ರ. ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ಇಲ್ಲದವರು ಅತ್ತ ತಲೆ ಹಾಕುವಂತಿರಲಿಲ್ಲ. ಮದರಾಸಿನ ಕ್ರೋಂಪೇಟೆಯಲ್ಲಿ 1949ರಲ್ಲಿ ಆರಂಭವಾದ ಎಂಐಟಿಯೂ ಬಿ.ಎಸ್ಸಿ. ಪದವೀಧರರಿಗೆ ಮೂರು ವರ್ಷದ ಎಂಜಿನಿಯರಿಂಗ್ ಕಲಿಸುತ್ತಿತ್ತು. ಅಬ್ದುಲ್ ಕಲಾಂ ತಿರುಚಿರಾಪಳ್ಳಿಯಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿದ ಮೇಲೆ, ತನಗೆ ಬೇಕಾದದ್ದು ಇದಲ್ಲ ಎಂದು ಗೊತ್ತಾಗಿ ಅಲ್ಲಿ ವೈಮಾನಿಕ ಎಂಜಿನಿಯರಿಂಗ್ ಸೇರಿದರು. ಫೀಸಿಗೆ ಅಕ್ಕ ಬಳೆ, ಸರ ಅಡವಿಟ್ಟರು ಎಂದು ಅವರೇ ಬರೆದುಕೊಂಡಿದ್ದಾರೆ. ನನ್ನ ತಂಗಿ ಹುಬ್ಬಳ್ಳಿಯ ಫೀಸಿಗಾಗಿ ಏನು ಮಾಡಿದಳು ಎಂದು ನಾನು ಕೇಳಿಲ್ಲ. ಅವಳ ಕೈ ನೋಡಿದ್ದೇನೆ.

ರಾಜೇಶ್ವರಿ ಚಟರ್ಜಿಯವರದು ಇನ್ನೂ ಗಟ್ಟಿಯಾದ ಉದಾಹರಣೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮುಗಿಸಿ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬೇಕೆಂದು ಹೋದರು. ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣಕ್ಕೆ ಅಲ್ಲಿ ಜಾಗ ಸಿಗಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗ ಸೇರಿದರು. ಮುಂದೆ ಅಮೆರಿಕದ ಮಿಶಿಗನ್‌ನಲ್ಲಿ 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ ಬಂದು ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಗಣಿತದಿಂದ ಹೊರಟು ಭೌತಶಾಸ್ತ್ರದ ಬಾಗಿಲು ತಟ್ಟಿ ಎಂಜಿನಿಯರಿಂಗ್ ತಲುಪಿದ ದಾರಿ ಅದು. ಅಂಥ ದಾರಿಗೆ ಇವತ್ತಿನ ಆನ್‌ಲೈನ್ ಅರ್ಜಿಯಲ್ಲಿ ಒಂದು ಚೌಕವೂ ಇಲ್ಲ.

ಇಷ್ಟು ಹೇಳಿ, ಹಳೆಯ ಕಾಲ ಚಂದವಿತ್ತು ಎಂದುಬಿಟ್ಟರೆ ಸುಳ್ಳಾಗುತ್ತದೆ. ಆ ಏಣಿ ಹತ್ತಿದವರು ಬೆರಳೆಣಿಕೆಯ ಜನ. ವಿಶ್ವೇಶ್ವರಯ್ಯನವರಿಗೆ ಮೆಚ್ಚುವ ಪ್ರಿನ್ಸಿಪಾಲರೊಬ್ಬರು ಬೇಕಾದರು, ಮನಸ್ಸು ಮಾಡುವ ದಿವಾನರು ಬೇಕಾದರು. ಅದೇ ಕಾಲಕ್ಕೆ ಅಷ್ಟೇ ಗಣಿತ ಬರುತ್ತಿದ್ದು ಹೇಳುವವರಿಲ್ಲದೆ ತೋಟದಲ್ಲೇ ಉಳಿದವರು, ಶಾಲೆಯ ಮೆಟ್ಟಿಲನ್ನೇ ಹತ್ತಲಾಗದ ಜಾತಿಗಳಲ್ಲಿ ಹುಟ್ಟಿದವರು, ಹನ್ನೆರಡಕ್ಕೆ ಮದುವೆಯಾದ ಹೆಣ್ಣುಮಕ್ಕಳು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಯಾರ ಶಿಫಾರಸೂ ಇಲ್ಲದೆ ಒಂದು ಪರೀಕ್ಷೆ ಬರೆದು ಸೀಟು ಪಡೆಯುವುದು ಅವರ ಮೊಮ್ಮಕ್ಕಳಿಗೆ ಸಣ್ಣ ಸಂಗತಿಯಲ್ಲ.

ಬದಲಾವಣೆ ಆದದ್ದು ಎರಡು ಹಂತದಲ್ಲಿ. ಮೊದಲನೆಯದು ಸದ್ದಿಲ್ಲದ್ದು. 1950ರ ದಶಕದ ಕೊನೆಗೆ ಎರಡು ವರ್ಷದ ಇಂಟರ್ ಹೋಗಿ ಒಂದು ವರ್ಷದ ಪಿಯುಸಿ ಬಂತು, ಅದೂ ಕಾಲೇಜಿನಲ್ಲೇ. ಅದಾದ ಮೇಲೆ 1970ರ ದಶಕದಲ್ಲಿ ಎರಡು ವರ್ಷದ ಪಿಯುಸಿ ವಿಶ್ವವಿದ್ಯಾಲಯದಿಂದ ಬೇರೆಯಾಗಿ ತನ್ನದೇ ಇಲಾಖೆಯ ಕೈಗೆ ಹೋಯಿತು. ಇಂಟರ್‌ನಲ್ಲಿ ಕಾಲೇಜಿನ ಒಳಗೇ ಆಗುತ್ತಿದ್ದ ಕವಲು ಈಗ ಕಾಲೇಜಿನ ಹೊಸ್ತಿಲಿಗಿಂತ ಮೊದಲೇ ಆಗತೊಡಗಿತು. ಹದಿನೇಳು ತುಂಬಿದ ಹುಡುಗ ಬಿ.ಎಸ್ಸಿ. ಒಳಗೆ ಕಾಲಿಟ್ಟರೆ ‘ಎಂಜಿನಿಯರಿಂಗ್ ಸಿಗದವನು’ ಎಂಬ ಮುದ್ರೆ. ವಿಜ್ಞಾನ ಓದುವುದು ಏಣಿಯ ಮೆಟ್ಟಿಲಾಗಿ ಉಳಿಯಲಿಲ್ಲ, ಬಸ್‌ಸ್ಟ್ಯಾಂಡಿನ ಬೆಂಚಾಯಿತು.

ಎರಡನೆಯದು ಗದ್ದಲದ್ದು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದವು. ನಮ್ಮ ಜಿಲ್ಲೆಗೂ 1980ರಲ್ಲಿ ಭಟ್ಕಳದಲ್ಲಿ ಅಂಜುಮನ್ ಕಾಲೇಜು ಬಂತು. ಡೊನೇಷನ್ ಎಂಬ ಪದ ಮನೆಮಾತಾಯಿತು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾಯ್ದೆ ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣ, 1993ರ ಉನ್ನಿಕೃಷ್ಣನ್ ಪ್ರಕರಣಗಳ ತೀರ್ಪು ಬಂದ ಮೇಲೆ, 1994ರಲ್ಲಿ ರಾಜ್ಯದಲ್ಲಿ ಸಿಇಟಿ ಶುರುವಾಯಿತು. ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ ಸೇರಿ ರ‍್ಯಾಂಕು. ಡೊನೇಷನ್ ಕೊಡಲಾಗದ ಅಡಿಕೆ ಬೆಳೆಗಾರನ, ಕೂಲಿಯವನ, ಶಾಲಾ ಮಾಸ್ತರನ ಮಗಳಿಗೆ ದೊಡ್ಡ ಕಾಲೇಜಿನ ಬಾಗಿಲು ತೆರೆದದ್ದು ಈ ರ‍್ಯಾಂಕೇ. ಅದೇ ರ‍್ಯಾಂಕು ಇಡೀ ಭವಿಷ್ಯವನ್ನು ಒಂದು ಬೇಸಿಗೆಗೆ ಇಳಿಸಿದ್ದೂ ನಿಜ.

ಆ ಬೇಸಿಗೆಯಲ್ಲಿ ಆಗಲಿಲ್ಲವೆಂದು ಮುಂದಿನ ಬೇಸಿಗೆಗೆ ಬರುವವರಿಗೆ ಪತ್ರಿಕೆಗಳು ‘ರಿಪೀಟರ್ಸ್’ ಎನ್ನುತ್ತವೆ. ಯಾವುದರಲ್ಲೂ ನಪಾಸಾಗದವರಿಗೆ ಅಂಟಿದ ಹೆಸರು. ಈ ಹೆಸರಿನವರು 2022ರಲ್ಲಿ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಕೋವಿಡ್ಡಿನಿಂದ 2021ರಲ್ಲಿ ಪಿಯುಸಿ ಪರೀಕ್ಷೆಯೇ ನಡೆಯದೆ ಹಿಂದಿನ ಅಂಕಗಳ ಲೆಕ್ಕದಲ್ಲಿ ಎಲ್ಲರೂ ಪಾಸಾಗಿದ್ದರು. ಆ ಬ್ಯಾಚಿನವರು ಮರುವರ್ಷ ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕವನ್ನು ರ‍್ಯಾಂಕಿಗೆ ಸೇರಿಸಲಿಲ್ಲ. ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿ ಗೆದ್ದರು, ಸರ್ಕಾರ ಮೇಲ್ಮನವಿ ಹೋಯಿತು, ಕೊನೆಗೆ ಅವರ ಪಿಯುಸಿ ಅಂಕದಲ್ಲಿ ಒಂದಿಷ್ಟು ಕಳೆದು ಉಳಿದದ್ದನ್ನು ಸೇರಿಸುವ ಸೂತ್ರಕ್ಕೆ ಬಂದು ನಿಂತಿತು. ಆಗ ಬಿ.ಎಸ್ಸಿ. ತರಗತಿಯಲ್ಲಿ ಕೂತಿದ್ದ ಎಷ್ಟು ಮಕ್ಕಳು ಮೇಷ್ಟರ ಪಾಠ ಕೇಳುತ್ತ ಮನಸ್ಸಿನಲ್ಲಿ ಆ ಕಳೆಯುವ ಲೆಕ್ಕ ಮಾಡುತ್ತಿದ್ದರೋ.

ಹಳೆಯ ಏಣಿಯ ಒಂದೆರಡು ಮೆಟ್ಟಿಲು ಈಗಲೂ ಉಳಿದಿವೆ. ಡಿಪ್ಲೊಮಾ ಮುಗಿಸಿದವರು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರುತ್ತಾರೆ. ಪಾಲಿಟೆಕ್ನಿಕ್ಕಿನಿಂದ ಹೀಗೆ ಬಂದವರು ಲ್ಯಾಬಿನಲ್ಲಿ ಉಳಿದವರಿಗಿಂತ ಚುರುಕಾಗಿರುವುದನ್ನು ಎಂಜಿನಿಯರಿಂಗ್ ಕಾಲೇಜಿನ ನನ್ನ ಸ್ನೇಹಿತರು ಹೇಳುತ್ತಿರುತ್ತಾರೆ. ಬಿ.ಎಸ್ಸಿ. ಪದವೀಧರರಿಗೂ ಎಐಸಿಟಿಇ ನಿಯಮದಲ್ಲಿ ಎರಡನೇ ವರ್ಷದ ಬಾಗಿಲು ಇದೆ. ಆದರೆ ಡಿಪ್ಲೊಮಾದವರಿಗೆ ಕೊಟ್ಟು ಮಿಕ್ಕ ಸೀಟಿಗೆ. ಮೇಲೆ ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ಮೆಕ್ಯಾನಿಕ್ಸ್ ಪಾಸು ಮಾಡಿಕೊಳ್ಳಬೇಕು. ಇದು ನ್ಯಾಯವೇ, ಇವೆರಡನ್ನು ನಾವು ಬಿ.ಎಸ್ಸಿ.ಯಲ್ಲಿ ಎಂಜಿನಿಯರುಗಳಿಗೆ ಬೇಕಾದ ಹಾಗೆ ಕಲಿಸಿಲ್ಲ. ಆದರೆ ಬೇಕಾದರೆ ಹೀಗೊಂದು ಬಾಗಿಲಿದೆ ಎಂದು ನನ್ನ ತರಗತಿಯಲ್ಲಿ ನಾನು ಒಂದು ದಿನವೂ ಹೇಳಿದವನಲ್ಲ. ಮುಂದಿನ ಬೆಂಚಿನವರು ಹೋದರೆಂದು ಸಿಟ್ಟು ಮಾಡಿಕೊಂಡೆ, ಹಿಂದಿನ ಬೆಂಚಿನವರಿಗೆ ಹೋಗಬಹುದೆಂದು ಹೇಳಲಿಲ್ಲ.

ನನ್ನ ಅಳಿಯನಿಗೆ ಈ ಬಾಗಿಲೂ ಇಲ್ಲ. ಅವನದು ಒಂದೇ ವರ್ಷದ ಬಿ.ಎಸ್ಸಿ. ಮತ್ತೆ ಮೊದಲಿನಿಂದ ಶುರು. ಅವನಿಗಿಂತ ಒಂದು ವರ್ಷ ಚಿಕ್ಕವರ ನಡುವೆ, ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಅಲ್ಲಿ ಹಂಚುತ್ತಾರಂತೆ. ಶಿರಸಿಯಲ್ಲಿ ಪಾಸು ಮಾಡಿದ ಭೌತಶಾಸ್ತ್ರ ಹುಬ್ಬಳ್ಳಿಯಲ್ಲ��� ಲೆಕ್ಕಕ್ಕಿಲ್ಲ. ನೂರು ಕಿಲೋಮೀಟರಿನ ಆಚೀಚೆ ಇರುವ ಎರಡು ಊರು. ಮದರಾಸಿನ ಬಿ.ಎ.ಯನ್ನು ಹಿಡಿದು ಪುಣೆಗೆ ಹೋದವರ ಕಾಲದಲ್ಲಿ ರೈಲೂ ಸರಿಯಾಗಿ ಇರಲಿಲ್ಲ.

ಅಕ್ಟೋಬರದಲ್ಲಿ ಅವನ ಫೋನು ಬಂತು. ಲೇಸರ್ ಕಿರಣವನ್ನು ಸೂಕ್ಷ್ಮ ಗೀಟುಗಳ ಗಾಜಿನಿಂದ ಹಾಯಿಸಿ ತರಂಗಾಂತರ ಅಳೆಯುವ ಪ್ರಯೋಗ. ಶಿರಸಿಯಲ್ಲಿ ಮಾಡಿದ್ದೇ. ಬ್ಯಾಚಿನ ನಾಲ್ವರಿಗೆ ಇವನೇ ಹೇಳಿಕೊಟ್ಟನಂತೆ. ಹಳೆಯ ಜರ್ನಲ್ ಬೇಕು, ಮೆತ್ತಿನ ಮೇಲೆ ಇದೆ, ಕಳಿಸಬಹುದೇ ಎಂದ. ಭಾವನೇ ಹುಡುಕಿ ತೆಗೆದ. ಕೊಳೆಮದ್ದಿನ ಕಲೆ ಹತ್ತಿದ ಕೈಯಲ್ಲಿ ಪುಟ ಮಗುಚಿ, ಪೆನ್ಸಿಲಿನ ಚಿತ್ರಗಳನ್ನೂ ಕೆಂಪು ಸಹಿಗಳನ್ನೂ ಒಂದೊಂದಾಗಿ ನೋಡಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಡಿಕೆ ಚೀಲ ಹೊಲಿಯುವ ದಾರದಿಂದ ಕಟ್ಟಿ, ಶಿರಸಿಗೆ ಹೋಗಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದ. ಕೊನೆಕೊಯ್ಲಿಗೆ ಮಗ ಎರಡು ದಿನ ರಜೆ ಹಾಕಿ ಬರಲಾದೀತೇ ಎಂದು ಫೋನಿನಲ್ಲಿ ಕೇಳಬೇಕೆಂದಿದ್ದನಂತೆ, ಕೇಳಲಿಲ್ಲ.